ಹಕ್ಕಳೆ ಒಡೆಯದ ಗುಂಡಿ

ಕಲ್ಲು ಕೆಳಗೆ ಬಿತ್ತು. ಟಕ್ ಎಂದು ಸದ್ದಾಯಿತು.

"ಕೇಳಿಸ್ತಾ?" ಎಂದಳು ಇಮ್ಕೆ ಹಾರ್ಮ್ಸ್.

ಇಪ್ಪತ್ತು ಹೆಜ್ಜೆ ಆಚೆ ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದ ಇನ್‌ಸ್ಪೆಕ್ಟರ್ ಬೆನ್ನಿಂಗ್, "ಏನು ಕೇಳಿಸ್ಬೇಕಿತ್ತು?" ಎಂದ.

"ಬುಳುಕ್ ಅಂತ ಕೇಳಿಸ್ಬೇಕಿತ್ತು. ಹಂದಿ ಗೊಬ್ಬರದ ಬಗ್ಗಡ ತುಂಬಿದ ಗುಂಡಿಗೆ ಕಲ್ಲು ಹಾಕಿದ್ರೆ ಮುಳುಗ್ಬೇಕು. ಇದು ಹಾಸಿಗೆ ಮೇಲೆ ಕೂತ ಹಾಗೆ ಕೂತಿದೆ. ಬನ್ನಿ, ಬಗ್ಗಿ ನೋಡಿ."

"ಮೇಡಂ, ಈ ಗುಂಡಿ ಗಾಳಿ ಕುಡಿದು ಒಬ್ಬ ಸತ್ತಿದಾನೆ."

"ಸತ್ತಿದಾನೆ, ಸರಿ. ಇಲ್ಲಲ್ಲ."

ಇಮ್ಕೆಯ ಕಾಲರಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಮೀಟರೊಂದು ಸಿಕ್ಕಿಸಿತ್ತು. ವಿಷಗಾಳಿ ಒಂದು ಎಳೆ ತಾಗಿದರೂ ಕಿರುಚುವ ಯಂತ್ರ ಅದು. ಮುಚ್ಚಳ ತೆಗೆದು ಐದು ನಿಮಿಷವಾಗಿತ್ತು, ಅದು ತೆಪ್ಪಗಿತ್ತು. ಕೊನೆಗೆ ಬೆನ್ನಿಂಗ್ ಕೆಸರಿನಲ್ಲಿ ಶೂ ಉಳಿಸಿಕೊಳ್ಳುತ್ತಾ ಹತ್ತಿರ ಬಂದ. ಪಟ್ಟಣದಲ್ಲಿ ಹುಟ್ಟಿ ಪಟ್ಟಣದಲ್ಲೇ ಬೆಳೆದ ಮನುಷ್ಯ, ಹಂದಿಯನ್ನು ತಟ್ಟೆಯಲ್ಲಿ ಮಾತ್ರ ಕಂಡವನು. ಉಸಿರು ಬಿಗಿಹಿಡಿದು ಬಗ್ಗಿದ.

ಟಾರ್ಚಿನ ಬೆಳಕಿನಲ್ಲಿ ಗುಂಡಿಯ ತಳ ಕಾಣಲಿಲ್ಲ. ಎರಡು ಆಳು ಕೆಳಗೆ ಕಂದು ಬಣ್ಣದ ಗಟ್ಟಿ ಹಕ್ಕಳೆ ಕಂಡಿತು. ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಕಲಕುವ ಮೋಟರಿನ ರೆಕ್ಕೆ ಆ ಹಕ್ಕಳೆಯಲ್ಲಿ ಹೂತುಕೊಂಡು ಅಲುಗಾಡದೆ ನಿಂತಿತ್ತು. ರೆಕ್ಕೆಯಿಂದ ಗೋಡೆಯವರೆಗೆ ಜೇಡವೊಂದು ನಿಧಾನವಾಗಿ, ಯಾರ ಹೆದರಿಕೆಯೂ ಇಲ್ಲದೆ ಬಲೆ ಕಟ್ಟಿಕೊಂಡಿತ್ತು.

ಕಳೆದ ಶನಿವಾರ ಬೆಳಿಗ್ಗೆ ಹಾರ್ಕನ್‌ಬ್ರೋಕ್‌ನ ರೈತ, ಇಲ್ಲಿನ ಅನಿಲ ಘಟಕದ ಮಾಲೀಕ ಕ್ಲೆಮೆನ್ಸ್ ಟಾಪೆ ಈ ಗುಂಡಿಯ ಪಕ್ಕದಲ್ಲೇ ಹೆಣವಾಗಿ ಸಿಕ್ಕಿದ್ದ. ಅವನು ಬಗ್ಗಿ ನೋಡುತ್ತಿದ್ದಾಗ ಕೆಲಸದಾಳು ದೊರಿನ್ ಗಮನಿಸದೆ ಮೋಟರಿನ ಸ್ವಿಚ್ ಹಾಕಿದ, ಕಲಕಿದ ಬಗ್ಗಡದಿಂದ ಎದ್ದ ವಿಷಗಾಳಿ ಕ್ಲೆಮೆನ್ಸನನ್ನು ಕೊಂದಿತು ಎಂದು ಪೊಲೀಸರು ಬರೆದುಕೊಂಡಿದ್ದರು. ಆರು ಗಂಟೆ ನಲವತ್ತು ನಿಮಿಷಕ್ಕೆ ದೊರಿನ್‌ನ ಗುಟ್ಟಿನ ಸಂಖ್ಯೆಯಿಂದಲೇ ಸ್ವಿಚ್ ಬಿದ್ದದ್ದು ಯಂತ್ರದ ನೆನಪಿನಲ್ಲಿತ್ತು. ವಿಷಗಾಳಿಯ ಹೆದರಿಕೆಗೆ ಅಗ್ನಿಶಾಮಕದವರು ಮುಚ್ಚಳ ಮುಚ್ಚಿ ಹೋದ ಮೇಲೆ ಈ ಆರು ದಿನ ಯಾರೂ ಅದನ್ನು ಎತ್ತಿರಲಿಲ್ಲ.

"ಆರು ದಿನದಲ್ಲಿ ಒಣಗಿರಬಹುದು," ಎಂದ ಬೆನ್ನಿಂಗ್.

"ಆರು ದಿನಕ್ಕೆ ಕೆನೆ ಕಟ್ಟತ್ತೆ. ಇದು ನಾಲ್ಕು ತಿಂಗಳ ಹಕ್ಕಳೆ. ನನ್ನ ಬಾಟ್ಲಿಗಳೂ ಅದನ್ನೇ ಹೇಳ್ತಾವೆ."

ಇಮ್ಕೆಯ ಕಸುಬೇ ಬಾಟಲಿ. ಬಗ್ಗಡ, ಮೆಕ್ಕೆಜೋಳ ಕೊಳೆಸಿ ಅನಿಲ ತೆಗೆದು ಕರೆಂಟು ಮಾಡುವ ಸುತ್ತಲಿನ ಮೂವತ್ತೊಂದು ಅನಿಲ ಘಟಕಗಳಿಂದ ಪ್ರತಿ ಸೋಮವಾರ ಅವಳ ಪ್ರಯೋಗಾಲಯಕ್ಕೆ ಒಂದೊಂದು ಬಾಟಲಿ ರಾಡಿ ಬರುತ್ತದೆ. ಹಸಿರು ಗುಮ್ಮಟದ ಆ ದೊಡ್ಡ ತೊಟ್ಟಿಗಳಿಗೆ ಈ ಕಡೆಯ ಜನ ಹೊಟ್ಟೆ ಎಂದೇ ಹೇಳುವುದು. ಹೊಟ್ಟೆಗೆ ಹುಳಿಯಾಗಿದೆಯೇ, ಮೇವು ಹೆಚ್ಚಾಗಿದೆಯೇ, ಅನಿಲ ಕಡಿಮೆಯಾಗುವ ಸೂಚನೆ ಇದೆಯೇ ಎಂದು ಅವಳು ನೋಡಿ ಹೇಳುತ್ತಾಳೆ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಬಾಟಲಿ ಡಾಕ್ಟರು ಎಂದು ಊರವರು ಕೀಟಲೆ ಮಾಡುತ್ತಾರೆ, ಹೊಟ್ಟೆ ಕೆಟ್ಟ ದಿನ ಅವರೇ ಓಡಿ ಬರುತ್ತಾರೆ.

ಪ್ರತಿ ಬಾಟಲಿಯ ಅರ್ಧವನ್ನು ಒಂದು ವರ್ಷ ತಣ್ಣನೆಯ ಕೋಣೆಯಲ್ಲಿಡುವುದು ಅವಳ ಅಭ್ಯಾಸ. ಈ ವಾರ ಅವಳು ಟಾಪೆಯ ಹಳೆಯ ಬಾಟಲಿಗಳನ್ನೆಲ್ಲ ತೆಗೆದು, ಯಾವತ್ತೂ ನೋಡದ ಒಂದನ್ನು ನೋಡಿದಳು. ಹಂದಿಮರಿಗಳ ಮೇವಿಗೆ ತಾಮ್ರವನ್ನೂ ಸತುವನ್ನೂ ಬೆರೆಸುತ್ತಾರೆ, ಅದು ಹಾಗೇ ಬಗ್ಗಡಕ್ಕಿಳಿಯುತ್ತದೆ. ಟಾಪೆಯ ಬಾಟಲಿಗಳಲ್ಲಿ ಜೂನ್ ತಿಂಗಳಿಂದ ತಾಮ್ರ ವಾರವಾರವೂ ಇಳಿಯುತ್ತಾ ಬಂದಿತ್ತು. ಅಕ್ಟೋಬರಿನ ಹೊತ್ತಿಗೆ ಹೆಸರಿಗೂ ಇರಲಿಲ್ಲ.

"ಜೂನ್‌ನಿಂದ ಈ ಘಟಕಕ್ಕೆ ಒಂದು ಲೋಟ ಹಂದಿ ಬಗ್ಗಡಾನೂ ಬಂದಿಲ್ಲ," ಎಂದಳು ಇಮ್ಕೆ. "ಬರೀ ಮೆಕ್ಕೆಜೋಳ ತಿನ್ಸಿದಾರೆ. ಈ ಹಕ್ಕಳೇಲಿ ಸಿಕ್ಕಿಕೊಂಡಿರೋ ಮೋಟರು ಸ್ವಿಚ್ ಹಾಕಿದ್ರೂ ತಿರುಗಲ್ಲ. ತಿರುಗಿಲ್ಲ ಅಂದ್ರೆ ಗಾಳಿ ಎದ್ದಿಲ್ಲ. ದೊರಿನ್ ಇಲ್ಲಿ ಯಾರನ್ನೂ ಕೊಂದಿಲ್ಲ."

"ಪೋಸ್ಟ್‌ಮಾರ್ಟಂನಲ್ಲಿ ವಿಷಗಾಳಿ ಅಂತಲೇ ಬಂದಿದೆಯಲ್ಲ?"

"ಗಾಳಿ ನಿಜ ಇರಬಹುದು. ಜಾಗ ಸುಳ್ಳು."

ಬೆನ್ನಿಂಗ್ ಕರವಸ್ತ್ರ ಮಡಚಿ ಜೇಬಿಗಿಟ್ಟ. ಅಂಗಳದ ಆಚೆ ಟಾಪೆಯವರ ಹಳೆಯ ಕಣದ ಹಜಾರದಲ್ಲಿ ಶವಪೆಟ್ಟಿಗೆ ಇಟ್ಟಿದ್ದರು. ಕಪ್ಪು ಬಟ್ಟೆಯ ಜನ ಒಬ್ಬೊಬ್ಬರಾಗಿ ಬರುತ್ತಿದ್ದರು. ಬಾಗಿಲ ಬಳಿ ದೊರಿನ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಯಾರ ಮುಖವನ್ನೂ ನೋಡದೆ ನಿಂತಿದ್ದ. ಒಂಬತ್ತು ವರ್ಷ ಇದೇ ಮನೆಯ ಮೇಜಿನಲ್ಲಿ ಉಂಡವನನ್ನು ಈಗ ಯಾರೂ ಒಳಕ್ಕೆ ಬಾ ಎನ್ನುತ್ತಿರಲಿಲ್ಲ.

"ಹತ್ತು ಗಂಟೆಗೆ ಪೆಟ್ಟಿಗೆ ಎತ್ತುತ್ತಾರೆ," ಎಂದ ಬೆನ್ನಿಂಗ್. "ಅಲ್ಲೀ ತನಕ ಸುಮ್ಮನಿರ್ತೀನಿ. ಆಮೇಲೆ ದೊರಿನ್ ನನ್ನ ಕಾರಲ್ಲಿ. ಹಕ್ಕಳೆ, ತಾಮ್ರ ಎಲ್ಲ ವಕೀಲರು ಒಂದು ಗಂಟೇಲಿ ಹಾರಿಸಿಬಿಡ್ತಾರೆ. ಬಗ್ಗಡ ಬಂದಿಲ್ಲ ಅಂತ ಹೇಳೋ ಒಬ್ಬ ಮನುಷ್ಯ ಬೇಕು ನನಗೆ."

ಗಡಿಯಾರದಲ್ಲಿ ಒಂಬತ್ತೂ ಹತ್ತಾಗಿತ್ತು.

"ಐವತ್ತು ನಿಮಿಷ ಧಾರಾಳ ಆಯ್ತು," ಎಂದು ಇಮ್ಕೆ ಲಾರಿ ತೂಗುವ ವೇಬ್ರಿಜ್ ಕಡೆ ಹೊರಟಳು.

ಇಮ್ಕೆಗೆ ದೊರಿನ್ ಮೇಲಿದ್ದ ನಂಬಿಕೆಗೆ ಬಾಟಲಿಗಳಿಗಿಂತ ಹಳೆಯ ಕಾರಣವೊಂದಿತ್ತು. ಕ್ಲೆಮೆನ್ಸನ ಹೆಂಡತಿ ಮೆಕ್ಟಿಲ್ಡ್ ಇಮ್ಕೆಯ ಶಾಲೆಯ ಗೆಳತಿ. ಒಂದೇ ಬೆಂಚು, ಒಂದೇ ಡಬ್ಬಿ. ಸೋಮವಾರ ಅವಳೇ ಫೋನು ಮಾಡಿ, "ದೊರಿನ್ ಮಾಡಿಲ್ಲ ಕಣೇ, ನನಗೆ ಗೊತ್ತು. ಹೇಗಾದ್ರೂ ಮಾಡಿ ಅವನನ್ನ ಉಳಿಸು," ಎಂದು ಅತ್ತಿದ್ದಳು. ಗಂಡನನ್ನು ಕಳೆದುಕೊಂಡ ಹೆಂಗಸೇ ಹಾಗೆ ಹೇಳಿದ ಮೇಲೆ ಇಮ್ಕೆ ಎರಡನೇ ಮಾತು ಕೇಳಿರಲಿಲ್ಲ. ನಿರ್ಲಕ್ಷ್ಯದಿಂದಾದ ಸಾವು ಎಂದು ಸಾಬೀತಾದರೆ ದೊರಿನ್‌ಗೆ ಜೈಲು. ಅವನ ದುಡಿಮೆಯನ್ನೇ ನಂಬಿಕೊಂಡ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ರೊಮೇನಿಯಾದಲ್ಲಿ ಕುಳಿತಿದ್ದಾರೆ.

ವೇಬ್ರಿಜ್ ಪಕ್ಕದ ಗೂಡಿನಂಥ ಕೋಣೆಯಲ್ಲಿ ಯುಪ್ ಲಾಂಪಿಂಗ್ ಕಪ್ಪು ಸೂಟು ಹಾಕಿಕೊಂಡು ಶೂ ಉಜ್ಜುತ್ತಿದ್ದ. ಹಂದಿ ಸಾಕುವವರ ದೊಡ್ಡಿಗಳಿಂದ ಬಗ್ಗಡ ತುಂಬಿಕೊಂಡು ಬಂದು ಟಾಪೆಯ ಘಟಕಕ್ಕೆ ಸುರಿಯುವ ಟ್ಯಾಂಕರಿನ ಮಾಲೀಕ ಅವನು. ಸಾಲದ್ದಕ್ಕೆ ಟಾಪೆ ಮನೆಗೆ ಮೊದಲ ನೆರೆಯವನು. ಈ ಸೀಮೆಯಲ್ಲಿ ಅದೊಂದು ಪದವಿ. ಮನೆಯಲ್ಲಿ ಸಾವಾದರೆ ಪಾದ್ರಿಗಿಂತ, ಡಾಕ್ಟರಿಗಿಂತ ಮುಂಚೆ ಮೊದಲ ನೆರೆಯವನಿಗೆ ಸುದ್ದಿ ಹೋಗಬೇಕು. ಪೆಟ್ಟಿಗೆಗೆ ಹೆಗಲು ಕೊಡುವ ಆರು ಜನರನ್ನು ಅವನೇ ಸೇರಿಸಬೇಕು. ಯುಪ್‌ನ ಬಿಳಿ ಕೈಗವಸುಗಳು ಮೇಜಿನ ಮೇಲೆ ಸಿದ್ಧವಾಗಿದ್ದವು.

"ಏನು ಬಾಟ್ಲಿ ಡಾಕ್ಟ್ರೇ, ಬೆಳಬೆಳಿಗ್ಗೇನೇ ಗುಂಡಿಗೆ ಕಲ್ಲು ಹೊಡೀತಿದ್ರಿ?"

"ಮೀನು ಇದೆಯಾ ಅಂತ ನೋಡಿದೆ. ಯುಪ್, ತೂಕದ ಚೀಟಿ ಕೊಡು."

"ಪೊಲೀಸ್ರು ನೋಡಿ ಆಯ್ತು. ವಾರಕ್ಕೆ ಹದಿನಾಲ್ಕು ಲೋಡು, ಎಲ್ಲ ಸರಿಯಾಗಿದೆ."

"ಪೊಲೀಸ್ರು ಎಷ್ಟು ಲೋಡು ಅಂತ ಎಣಿಸಿದಾರೆ. ನಾನು ತೂಕ ನೋಡ್ತೀನಿ."

ಯುಪ್ ನಕ್ಕು ಕಡತ ತಳ್ಳಿದ. ಇಮ್ಕೆ ಸೆಪ್ಟೆಂಬರಿನ ಒಂದು ಮಂಗಳವಾರ ತೆರೆದಳು. ಏಳು ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು, ಇಸ್ಪೀಟು ಹಾಕುವವಳ ಹಾಗೆ.

"ಓದ್ಲಾ? ಏಳು ಗಂಟೆ ಹತ್ತು ನಿಮಿಷ, ಮೂವತ್ತೆಂಟು ಸಾವಿರದ ನಾನೂರ ಇಪ್ಪತ್ತು ಕಿಲೋ. ಏಳೂ ಐವತ್ತಕ್ಕೆ ಅಷ್ಟೇ. ಎಂಟೂವರೆಗೆ ನಾನೂರು. ಒಂಬತ್ತೂ ಹತ್ತಕ್ಕೂ ನಾನೂರು. ಒಂಬತ್ತೂ ಐವತ್ತಕ್ಕೆ ಮುನ್ನೂರ ಎಂಬತ್ತು. ಎರಡು ಲೋಡಿಗೊಂದ್ಸಲ ಇಪ್ಪತ್ತು ಕಿಲೋ ಇಳಿಯತ್ತೆ, ಒಂದ್ಸಲಾನೂ ಏರಲ್ಲ."

"ಅದಕ್ಕೇನೀಗ?"

"ಏಳು ದೊಡ್ಡಿಯ ಬಗ್ಗಡ ಏಳು ಥರ ತೂಗತ್ತೆ ಯುಪ್. ಒಂದು ಗಟ್ಟಿ, ಒಂದು ನೀರು. ಐನೂರು ಕಿಲೋ ಹೆಚ್ಚುಕಮ್ಮಿ ಬಂದೇ ಬರತ್ತೆ. ಇದು ಹಾಗಲ್ಲ. ಒಂದೇ ಲೋಡು ಬೆಳಿಗ್ಗೆ ಇಡೀ ಊರು ಸುತ್ತಿದೆ. ಏಳು ಸಲ ತೂಕ ಹಾಕಿಸಿಕೊಂಡಿದೆ. ಕಮ್ಮಿ ಆಗಿರೋದು ನೀನು ಸುಟ್ಟ ಡೀಸೆಲ್ಲು ಮಾತ್ರ."

ಯುಪ್‌ನ ಕೈಯಲ್ಲಿದ್ದ ಬ್ರಷ್ಷು ನಿಂತಿತು.

ಇಮ್ಕೆಗೆ ನಗು ಬಂತು, ತಡೆದುಕೊಂಡಳು. ಗೂಡಿನಲ್ಲಿ ಕುಳಿತು ಮನಸ್ಸಿಗೆ ಬಂದ ಅಂಕಿ ಗೀಚಿದ್ದರೆ ಯಾರಪ್ಪನಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಇವನು ಹಾರ್ಕನ್‌ಬ್ರೋಕಿನವನು. ತೂಕ ಹಾಕದೆ ಚೀಟಿ ಬರೆಯುವುದು ಇವನ ರಕ್ತದಲ್ಲೇ ಇಲ್ಲ. ಈ ಊರಿನ ಜನ ಸುಳ್ಳು ಹೇಳುವಾಗಲೂ ಟ್ಯಾಂಕರನ್ನು ನಿಜವಾಗಿ ತಂದು ನಿಲ್ಲಿಸಿ, ಮುಳ್ಳು ನಿಲ್ಲುವ ತನಕ ಕಾದು, ಆಮೇಲೆ ಹೇಳುತ್ತಾರೆ.

"ಯಾರಿಗೆ ಹೇಳಿದೀಯ?" ಎಂದ ಯುಪ್. ದನಿ ತಗ್ಗಿತ್ತು.

"ಇನ್ನೂ ಯಾರಿಗೂ ಇಲ್ಲ. ನಿನ್ನ ಬಾಯಲ್ಲೇ ಬರ್ಲಿ ಅಂತ."

"ಇದು ನನ್ನ ಐಡಿಯಾ ಅಲ್ಲ ಇಮ್ಕೆ, ಕ್ಲೆಮೆನ್ಸ್‌ದು. ಲೆಕ್ಕ ಹಾಕು, ನೀನೇ ಹಾಕು! ಒಂದು ಟನ್ ಮೆಕ್ಕೆಜೋಳ ಕೊಡೋ ಗ್ಯಾಸಿಗೆ ಎಂಟು ಟನ್ ಹಂದಿ ಬಗ್ಗಡ ಬೇಕು. ಅದರಲ್ಲಿ ಇರೋದೇನು? ನೀರು. ನೀರು ಹೊತ್ಕೊಂಡು ಊರೂರು ಸುತ್ತೋದು. ಒಳಗೆ ಎಂಟು ಟನ್ ಹಾಕಿದ್ರೆ ಹೊರಗೂ ಎಂಟು ಟನ್ ಬರತ್ತೆ. ಅದನ್ನ ಎಲ್ಲಿ ಚೆಲ್ತೀಯ? ಹೊಲ ಬೇಕು. ಹೊಲ ಎಲ್ಲಿದೆ? ಎಲ್ರೂ ಗ್ಯಾಸಿಗೆ ಜೋಳ ಬಿತ್ತೋಕೆ ಹೋಗಿ ಗುತ್ತಿಗೆ ದರ ಮೂರು ಪಟ್ಟು ಮಾಡ್ಕೊಂಡು ಕೂತಿದೀವಿ. ಜೂನ್‌ನಲ್ಲಿ ಅವನ ತೊಟ್ಟಿ ಕಂಠಮಟ್ಟ ತುಂಬಿತ್ತು. ಇನ್ನೊಂದು ಲೋಡು ತಂದ್ರೆ ಅಂಗಳಕ್ಕೆ ಹರಿಯತ್ತೆ ಅಂದ."

"ಹಾಗಾದ್ರೆ ಬಗ್ಗಡ ನಿಲ್ಸಿ, ಹಾಗೇ ಬರೀಬಹುದಿತ್ತಲ್ಲ?"

"ಬರೆದ್ರೆ ಸತ್ತ ಹಾಗೆ! ನೂರಕ್ಕೆ ಮೂವತ್ತು ಪಾಲು ಬಗ್ಗಡ ಇದ್ರೇನೇ ಕರೆಂಟಿಗೆ ಸರ್ಕಾರದ ಹೆಚ್ಚಿನ ದರ. ಒಂದ್ಸಲ ಕೆಳಗಿಳಿದ್ರೆ ಆ ದರ ಹೋಯ್ತು, ಮತ್ತೆ ಬರಲ್ಲ. ಆ ದರ ನಂಬ್ಕೊಂಡೇ ಅವನು ಎರಡನೇ ಎಂಜಿನ್ ತಂದಿದ್ದು, ಊರಿಗೆ ಬಿಸಿನೀರಿನ ಪೈಪು ಎಳೆದಿದ್ದು. ನಲವತ್ತೆರಡು ಮನೆ, ಶಾಲೆ, ಎಲ್ಲ ಚಳಿಗಾಲದಲ್ಲಿ ಬೆಚ್ಚಗಿರೋದು ಆ ಎಂಜಿನ್ನಿನ ಬಿಸೀಲಿ. ನಿಮ್ಮ ಅಣ್ಣನ ಮನೇನೂ ಸೇರಿ. ಘಟಕ ನಿಂತ್ರೆ ಪೈಪೂ ತಣ್ಣಗೆ."

ಅವನು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಲೆಕ್ಕ ಸರಿಯಾಗಿತ್ತು, ಅದರಿಂದ ಹೊರಟ ಕೆಲಸ ಮಾತ್ರ ಕೊಳಕು. ಇಂಥ ಲೆಕ್ಕ ಹಾಕುವ ಮೂವತ್ತು ಮೇಜುಗಳ ಮುಂದೆ ಇಮ್ಕೆ ಕಾಫಿ ಕುಡಿದಿದ್ದಳು. ಆಫೀಸಿನಲ್ಲಿ ಕೂತವರು ಬರೆದ ಒಂದು ಅಂಕಿಗೆ ರೈತನ ಇಡೀ ಅಂಗಳ ಕಟ್ಟುಬಿದ್ದಿರುತ್ತದೆ ಎಂದು ಅವಳಿಗೆ ಸಿಟ್ಟೂ ಇತ್ತು. ಆದರೆ ಆ ಸಿಟ್ಟಿಗೆ ದೊರಿನ್ ಯಾಕೆ ಬೆಲೆ ತೆರಬೇಕು?

"ನೀನು ತುಂಬಿಕೊಂಡ ಬಗ್ಗಡ ಎಲ್ಲಿಗೆ ಹೋಯ್ತು ಅಂತ ಪರಿಸರ ಇಲಾಖೆಯವರು ಕೇಳ್ತಾರೆ, ಅವರಿಗೆ ಹೇಳು," ಎಂದಳು. "ನಾನು ಕೇಳೋದು ಒಂದೇ. ಗುಂಡಿ ಒಣಗಿದೆ ಅಂತ ನಿನಗೆ ಗೊತ್ತಿತ್ತು. ಅಲ್ಲಿ ಯಾರೂ ಸಾಯೋಕಾಗಲ್ಲ ಅಂತಾನೂ ಗೊತ್ತಿತ್ತು. ಆರು ದಿನ ಬಾಯಿ ಮುಚ್ಕೊಂಡು ಆ ಬಡಪಾಯೀನ ಜೈಲಿಗೆ ಕಳಿಸ್ತಿದೀಯಲ್ಲ, ಯಾಕೆ? ಶನಿವಾರ ಬೆಳಿಗ್ಗೆ ಆರೂ ನಲವತ್ತಕ್ಕೆ ಎಲ್ಲಿದ್ದೆ?"

"ನಾನು ಕೊಂದೆ ಅಂತೀಯಾ?"

"ಎಲ್ಲಿದ್ದೆ ಅಂದೆ."

"ಮನೇಲಿ! ಇದೇ ಅಂಗಳದಿಂದ ವಾಪಸ್ ಹೋಗಿ ಮನೇಲಿ ಕೂತಿದ್ದೆ!"

ಬಾಯಿ ಜಾರಿದ್ದು ಯುಪ್‌ಗೆ ತಕ್ಷಣ ಗೊತ್ತಾಯಿತು. ಅವನು ಬಾಗಿಲ ಕಡೆ ನೋಡಿದ. ಇಮ್ಕೆ ಕುರ್ಚಿ ಎಳೆದು ಬಾಗಿಲಿಗೇ ಅಡ್ಡ ಹಾಕಿ ಕುಳಿತಳು.

"ಆರೂ ನಲವತ್ತಕ್ಕೆ ಮುಂಚೇನೇ ಇಲ್ಲಿಗೆ ಬಂದಿದ್ಯಾ? ಯಾಕೆ?"

"ಇಮ್ಕೆ, ಬೇಡ ಬಿಡು. ಮಣ್ಣಾಗೋ ತನಕ ಬೇಡ."

"ಮಣ್ಣಾಗೋದ್ರೊಳಗೆ ಒಬ್ಬ ಜೈಲಿಗೆ ಹೋಗ್ತಾನೆ. ನಾಳೆ ಆ ಹೆಣ್ಣುಮಕ್ಕಳಿಗೆ ನೀನು ಹೇಳ್ತೀಯಾ, ನಿಮ್ಮಪ್ಪ ತಪ್ಪು ಮಾಡಿಲ್ಲ, ನನ್ನ ಚೀಟಿ ಕಾಪಾಡ್ಕೊಳ್ಳೋಕೆ ಸುಮ್ಮನಿದ್ದೆ ಅಂತ?"

ಯುಪ್ ಸೂಟಿನ ಒಳಜೇಬಿನಿಂದ ಫೋನು ತೆಗೆದ. ಅವನ ದಪ್ಪ ಬೆರಳು ಎರಡು ಸಲ ತಪ್ಪು ಜಾಗ ಒತ್ತಿತು. ಆಮೇಲೆ ಫೋನನ್ನು ಅವಳ ಮುಂದಿಟ್ಟು ಮುಖ ತಿರುಗಿಸಿದ.

ಶನಿವಾರ, ಆರು ಗಂಟೆ ಐದು ನಿಮಿಷ. ಟಾಪೆ, ಮನೆ.

"ಮೆಕ್ಟಿಲ್ಡ್ ಮಾಡಿದ್ದು," ಎಂದ. "'ಯುಪ್, ಕ್ಲೆಮೆನ್ಸ್ ಹೋಗ್ಬಿಟ್ಟ, ಬಾ' ಅಂದ್ಳು. ಅಷ್ಟೇ. ನಾನು ಮೊದಲ ನೆರೆಯವನು, ನನಗೇ ತಾನೇ ಮೊದಲು ಹೇಳೋದು. ಚಪ್ಪಲೀಲೇ ಓಡಿ ಬಂದೆ. ಗೇಟಲ್ಲಿ ನಿಂತಿದ್ಳು. ಒಳಗೆ ಬಿಡ್ಲಿಲ್ಲ. 'ತಪ್ಪಾಯ್ತು ಯುಪ್, ಅವರಿಗೆ ಏನೂ ಆಗಿಲ್ಲ, ಮನೆಗೆ ಹೋಗು' ಅಂದ್ಳು. ಮುಖ ಸುಣ್ಣ ಆಗಿತ್ತು. ಏಳು ಗಂಟೆಗೆ ಮತ್ತೆ ಫೋನು. ಬರೋ ಹೊತ್ತಿಗೆ ಅವನು ಗುಂಡಿ ಪಕ್ಕದಲ್ಲಿದ್ದ, ಸೈರನ್ ಕೂಗ್ತಿತ್ತು."

ಇಮ್ಕೆ ಆ ಅಂಕಿಗಳನ್ನೇ ನೋಡಿದಳು. ಆರೂ ಐದು. ದೊರಿನ್‌ನ ಸಂಖ್ಯೆಯಿಂದ ಸ್ವಿಚ್ ಬೀಳಲು ಇನ್ನೂ ಮೂವತ್ತೈದು ನಿಮಿಷವಿತ್ತು. ಏನನ್ನು ಮುಚ್ಚಿಡಬೇಕಾಗಿದ್ದರೂ ಈ ಊರಿನ ಹೆಂಗಸು ಮೊದಲು ಮೊದಲ ನೆರೆಯವನಿಗೆ ಫೋನು ಮಾಡುತ್ತಾಳೆ. ಕೈ ತಾನಾಗಿಯೇ ಆ ಸಂಖ್ಯೆ ಒತ್ತುತ್ತದೆ, ಬುದ್ಧಿ ಆಮೇಲೆ ಬರುತ್ತದೆ.

ದೊರಿನ್ ಮಾಡಿಲ್ಲ, ನನಗೆ ಗೊತ್ತು ಎಂದಿದ್ದಳು ಮೆಕ್ಟಿಲ್ಡ್. ಹೇಗೆ ಗೊತ್ತು ಎಂದು ಇಮ್ಕೆ ಕೇಳಬೇಕಿತ್ತು, ಕೇಳಿರಲಿಲ್ಲ. ಗೆಳತಿಯ ಅಳುವನ್ನು ಕಣ್ಣುಮುಚ್ಚಿ ನಂಬಿದ್ದಳು. ಇಷ್ಟು ವರ್ಷದ ಸ್ನೇಹ ತನ್ನನ್ನು ದಾಳವಾಗಿ ಉರುಳಿಸಿತೇ ಎಂದು ಅವಳಿಗೆ ನೋವಾಯಿತು. ನೋವು ಪಡಲು ಆಮೇಲೆ ಹೊತ್ತಿದೆ ಎಂದು ಅವಳು ಎದ್ದಳು.

"ಇದನ್ನ ಬೆನ್ನಿಂಗ್ ಮುಂದೆ ಹೇಳ್ತೀಯಾ?"

"ನನ್ನ ಲೈಸೆನ್ಸ್ ಹೋಗತ್ತೆ."

"ಹೋಗತ್ತೆ. ಹೇಳ್ತೀಯಾ?"

ಯುಪ್ ಬಿಳಿ ಕೈಗವಸುಗಳನ್ನು ಎತ್ತಿಕೊಂಡ. "ಪೆಟ್ಟಿಗೆ ಇಳಿಸಿದ ಮೇಲೆ ಹೇಳ್ತೀನಿ. ಹೆಗಲು ಕೊಡೋಕೆ ಬಿಡು, ಅಷ್ಟು ಸಾಕು."

ಇಮ್ಕೆಗೆ ಅಷ್ಟೇ ಬೇಕಿತ್ತು. ಚೀಟಿಗಳನ್ನು ಕೈಚೀಲಕ್ಕೆ ತುರುಕಿ ಹೊರಗೆ ಬಂದಳು. ಒಂಬತ್ತೂ ನಲವತ್ತೆಂಟು. ಹನ್ನೆರಡು ನಿಮಿಷ ಉಳಿದಿತ್ತು, ಹಕ್ಕಳೆ ಇತ್ತು, ತಾಮ್ರ ಇತ್ತು, ಬಾಯಿ ಬಿಟ್ಟು ಹೇಳುವ ಮನುಷ್ಯನೂ ಸಿಕ್ಕಿದ್ದ. ದೊರಿನ್ ಈ ಸಂಜೆ ಹೆಂಡತಿಗೆ ಫೋನು ಮಾಡಿ ತಾನು ಪಾರಾದೆ ಎನ್ನಬಹುದು. ಮೆಕ್ಟಿಲ್ಡ್‌ಳನ್ನು ಏನು ಕೇಳಬೇಕು, ಹೇಗೆ ಕೇಳಬೇಕು ಎಂಬುದಷ್ಟೇ ಬಾಕಿ. ಇಮ್ಕೆ ಬಿರಬಿರನೆ ಅಂಗಳ ದಾಟಿದಳು.

ಬೆನ್ನಿಂಗ್ ಕಾರಿನ ಪಕ್ಕ ನಿಂತು ಏನೋ ಬರೆದುಕೊಳ್ಳುತ್ತಿದ್ದ. ಹಿಂದಿನ ಸೀಟಿನಲ್ಲಿ ದೊರಿನ್ ಕುಳಿತಿದ್ದ.

"ಹತ್ತು ಗಂಟೆ ಅಂದಿದ್ರಲ್ಲ!"

"ನಾನು ಕರೀಲಿಲ್ಲ ಮೇಡಂ. ಅವನೇ ಬಂದು ಬಾಗಿಲು ತೆಗೆದು ಕೂತ. ನಾನೇ ಕಾರಣ ಅಂತ ಬರೆದು ಸಹಿ ಹಾಕ್ದ."

"ಸುಳ್ಳು! ಯುಪ್ ಎಲ್ಲ ಹೇಳಿದಾನೆ, ನಿಮ್ಮ ಮುಂದೇನೂ ಹೇಳ್ತಾನೆ. ಜೂನ್‌ನಿಂದ ಬಗ್ಗಡ ಬಂದಿಲ್ಲ. ಆರೂ ಐದಕ್ಕೇ ಸಾವಿನ ಸುದ್ದಿ ಹೋಗಿದೆ. ಎರಡೇ ನಿಮಿಷ ಕೊಡಿ."

ಬೆನ್ನಿಂಗ್‌ನ ಪೆನ್ನು ನಿಂತಿತು. ಕಿಟಕಿ ಕಡೆ ಕೈ ತೋರಿಸಿ ಅವನು ಒಂದು ಹೆಜ್ಜೆ ಹಿಂದೆ ಸರಿದ.

ಹಜಾರದ ಬಾಗಿಲಲ್ಲಿ ಮೆಕ್ಟಿಲ್ಡ್ ಕಾಣಿಸಿಕೊಂಡಳು. ಕಪ್ಪು ಮುಸುಕಿನೊಳಗಿನ ಮುಖ ಕಾರಿನ ಕಡೆಗೇ ಇತ್ತು. ಇಮ್ಕೆ ಅವಳಿಗೆ ಬೆನ್ನು ಮಾಡಿ ಕಿಟಕಿಗೆ ಬಗ್ಗಿದಳು.

"ದೊರಿನ್, ಯಾಕೋ ಹೀಗೆ ಮಾಡಿದೆ? ಯಾರಿಗೋ ಹೆದರಿಕೊಂಡ್ಯಾ? ಹೆದರಬೇಡ. ಕ್ಲೆಮೆನ್ಸ್ ಆ ಗುಂಡಿಯಿಂದ ಸತ್ತಿಲ್ಲ. ಅದನ್ನ ನಾನು ರುಜುವಾತು ಮಾಡಿದೀನಿ. ಬರೆದುಕೊಟ್ಟಿದ್ದನ್ನ ವಾಪಸ್ ತಗೋ, ಇಳಿದು ಬಾ."

ದೊರಿನ್ ತಲೆ ಎತ್ತಿದ. ರಾತ್ರಿಗಳಿಂದ ನಿದ್ದೆ ಕಾಣದ ಕಣ್ಣು. ಇಮ್ಕೆಯ ಮೇಲೆ ಅವನಿಗೆ ಕೋಪವಿರಲಿಲ್ಲ, ಮರುಕವಿತ್ತು.

"ಗೊತ್ತು," ಎಂದ. "ಸತ್ತೋದ್ರು ಅಂತ ಮೆಕ್ಟಿಲ್ಡ್ ಮೇಡಂ ಅಂದ್ಮೇಲೆ ಅವರನ್ನ ಅಲ್ಲಿಗೆ ಹೊತ್ಕೊಂಡು ಬಂದವನು ನಾನೇ. ಆಗ ಇನ್ನೂ ಉಸಿರಾಡ್ತಿದ್ರು."